ಚೋಮನ ಮಕ್ಕಳು ಈಗ ಘಟ್ಟ ಇಳಿಯುತ್ತಾರೆ

ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಪ್ರಕಟವಾಯಿತು. ಅಂದಿನಿಂದ ಆ ಕಾದಂಬರಿಯನ್ನು ನಾವು ಮುಖ್ಯವಾಗಿ ಎರಡು ಕಾರಣಕ್ಕೆ ಓದುತ್ತಲೂ ಓದಿಸುತ್ತಲೂ ಬಂದಿದ್ದೇವೆ. ಒಂದು ಅಸ್ಪೃಶ್ಯತೆ, ಇನ್ನೊಂದು ತುಂಡು ಗದ್ದೆಗಾಗಿ ಚೋಮ ಪಟ್ಟ ಹಂಬಲ. ಎರಡೂ ಸರಿಯೇ. ಆದರೆ ಚೋಮನ ಗುಡಿಸಲನ್ನು ಒಡೆಯುವುದರಲ್ಲಿ ದಣಿಯ ಮನೆಯಷ್ಟೇ ಪಾಲು ಘಟ್ಟದ ಮೇಲಿನ ಕಾಫಿ ತೋಟಕ್ಕೂ ಇದೆ. ತೋಟದ ಸಾಲ ವಸೂಲಿಗೆ ಮನ್ವೇಲ ಇಳಿದು ಬರುತ್ತಾನೆ. ಸಾಲ ತೀರಿಸಲು ಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬ ಮಗ ಕಾಯಿಲೆಯಿಂದ ಸಾಯುತ್ತಾನೆ, ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಪ್ರೀತಿಸಿ ದೂರವಾಗುತ್ತಾನೆ. ಕೊನೆಗೆ ಬೆಳ್ಳಿ ಹೋಗುತ್ತಾಳೆ, ಸಾಲ ತೀರುತ್ತದೆ. ಯಾವ ಬೆಲೆಗೆ ತೀರಿತು ಎಂಬುದನ್ನು ಓದಿದವರೆಲ್ಲ ಬಲ್ಲರು. ಅಂದರೆ ಇದು ವಲಸೆ ಕೂಲಿಗಳ ಕಾದಂಬರಿಯೂ ಹೌದು. ನಮ್ಮ ವಿಮರ್ಶೆ ಈ ಭಾಗವನ್ನು ಕಥೆಯ ತಿರುವೆಂದು ತಿಳಿದು ದಾಟಿಕೊಂಡು ಹೋಗಿದೆ.

ಈ ಮಾತನ್ನು ಎತ್ತಲು ಕಾರಣ ಕಲ್ಯಾಣಪುರ. ಕಾರಂತರ ಕೋಟದಿಂದ ಹೆದ್ದಾರಿ ಹಿಡಿದು ಉಡುಪಿಗೆ ಬರುವಾಗ ಸ್ವರ್ಣಾ ನದಿ ದಾಟಿದರೆ ಸಿಗುವ ಊರು. ಬೈಲು ಗದ್ದೆ, ತೆಂಗಿನ ತೋಟ, ಮಿಲಾಗ್ರಿಸ್ ಇಗರ್ಜಿ, ಸಂತೆಕಟ್ಟೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಇಲ್ಲಿನ ಕ್ರೈಸ್ತರು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ಯುತ್ತಾರೆ, ಹಿಂದೂ ಮನೆಗಳಲ್ಲಿ ತೆನೆ ಕಟ್ಟಿ ಹೊಸ ಅಕ್ಕಿ ಊಟ ಮಾಡುತ್ತಾರೆ. ಹಬ್ಬಗಳು ಉಳಿದಿವೆ. ಆದರೆ ಗದ್ದೆಗೆ ಇಳಿಯುತ್ತಿದ್ದ ಮನೆಗಳ ಮಕ್ಕಳು ಮುಂಬಯಿಯ ಹೋಟೆಲಿಗೆ, ಬ್ಯಾಂಕಿಗೆ, ಗಲ್ಫಿಗೆ ಹೋಗಿ ಬಹಳ ಕಾಲವಾಯಿತು. ಪಕ್ಕದ ತೋನ್ಸೆ, ಹೂಡೆಯ ಮುಸ್ಲಿಂ ಮನೆಗಳ ಕಥೆಯೂ ಇದೇ. ಹಡಿಲು ಬಿದ್ದದ್ದು ಬಿದ್ದಿತು. ಉಳಿದ ಗದ್ದೆ ತೋಟಗಳ ಕೆಲಸದಲ್ಲಿ ಒಂದು ಪಾಲು ಯಂತ್ರಕ್ಕೆ ಹೋಯಿತು, ಇನ್ನೊಂದು ಪಾಲು ಬಾಗಲಕೋಟೆ, ಕೊಪ್ಪಳ, ಗದಗ, ರಾಯಚೂರು ಕಡೆಯಿಂದ ಬಂದವರ ಕೈಗೆ. ಇಂದು ಗದ್ದೆಯ ಹುಣಿ ಕಡಿದವರು ನಾಳೆ ಕಟ್ಟಡಕ್ಕೆ ಕಲ್ಲು ಹೊರುತ್ತಾರೆ. ಮೇಸ್ತ್ರಿ ಹೇಳಿದ ಕಡೆ ಕೆಲಸ, ತಗಡಿನ ಶೆಡ್ಡಿನಲ್ಲಿ ವಾಸ.

ಚೋಮನ ಮಕ್ಕಳು ಘಟ್ಟ ಹತ್ತಿದರು, ಇವರು ಘಟ್ಟ ಇಳಿದರು. ದಿಕ್ಕು ಬದಲಾಗಿದೆ, ಮುಂಗಡ ಮತ್ತು ಮೇಸ್ತ್ರಿಯ ವ್ಯವಸ್ಥೆ ಅಷ್ಟಾಗಿ ಬದಲಾಗಿಲ್ಲ.

ಕರಾವಳಿಯ ಸಾಹಿತ್ಯ ಊರು ಬಿಟ್ಟು ಹೋದವರ ಬಗ್ಗೆ ಧಾರಾಳವಾಗಿ ಬರೆದಿದೆ. ‘ಮರಳಿ ಮಣ್ಣಿಗೆ’ಯ ರಾಮ ಪಟ್ಟಣಗಳನ್ನು ಸುತ್ತಿ ಊರಿಗೆ ಬರುತ್ತಾನೆ. ಉಡುಪಿಯ ಅಂಬಲಪಾಡಿಯ ವ್ಯಾಸರಾಯ ಬಲ್ಲಾಳರು ಮುಂಬಯಿಯಲ್ಲಿದ್ದು ಅಲ್ಲಿನ ಕಾರ್ಮಿಕ ಬದುಕನ್ನು ‘ಬಂಡಾಯ’ದಲ್ಲಿ ಕಾದಂಬರಿಯಾಗಿಸಿದರು, 1986ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪರ ಊರಿನ ಕೂಲಿಗಾರನನ್ನು ಕಂಡ ಈ ಕಣ್ಣು ನಮ್ಮ ಅಂಗಳಕ್ಕೆ ಬಂದ ಕೂಲಿಗಾರನ ಮೇಲೆ ಯಾಕೆ ಬೀಳಲಿಲ್ಲ? ನಾವು ಓದಿದ ಕರಾವಳಿಯ ಕಥೆಗಳಲ್ಲಿ ಅವನು ಬಂದರೂ ಹೆಸರಿಲ್ಲದೆ ಬರುತ್ತಾನೆ, ಬಾವಿ ತೋಡಿ ಹೋಗುತ್ತಾನೆ. ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿಯವರು ತೆರೆದ ಬಾಗಿಲು ಸಣ್ಣದಲ್ಲ. ಅವರಿಂದಾಗಿ ಕನ್ನಡ ಓದುಗ ಕರಾವಳಿಯ ಮುಸ್ಲಿಂ ಮನೆಯ ಒಳಗನ್ನು ಕಂಡ. ಆ ಮನೆಯ ಹಿತ್ತಲಲ್ಲಿ ಸೌದೆ ಒಡೆಯುವವನ ಕಥೆ ಮಾತ್ರ ಬಾಕಿ ಉಳಿದಿದೆ.

ಇಲ್ಲಿ ಭಾಷೆಯದೊಂದು ವಿಚಿತ್ರವಿದೆ. ಕಲ್ಯಾಣಪುರದ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಉರ್ದು. ಕನ್ನಡ ನಮಗೆ ಶಾಲೆಯಿಂದ, ಪತ್ರಿಕೆಯಿಂದ ಬಂದದ್ದು. ಕನ್ನಡವನ್ನೇ ತಾಯಿಮಾತಾಗಿ ಆಡುವ ಜನ ಇಲ್ಲಿಗೆ ಬಂದಾಗ ನಾವು ಅವರನ್ನು ‘ಘಟ್ಟದವರು’ ಎಂದೆವು. ಅವರ ಕನ್ನಡ ಕೇಳಿ ನಕ್ಕದ್ದೂ ಉಂಟು. ಮಳೆ ಕೈಕೊಟ್ಟಾಗ ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು ಹೊರಡುವುದಕ್ಕೆ ಅವರಲ್ಲಿ ‘ಗುಳೆ’ ಎಂಬ ಮಾತಿದೆ. ನಾವು ‘ಬೊಂಬಾಯಿಗೆ ಹೋಗುವುದು’ ಎಂದಾಗ ಅದರಲ್ಲಿ ಸ್ವಲ್ಪ ಆಸೆಯೂ ಇರುತ್ತದೆ. ಗುಳೆಯಲ್ಲಿ ಅದಿಲ್ಲ. ಕಾನೂನಿಗೂ ಗುಳೆ ಕಾಣಿಸಲಿಲ್ಲ. 1979ರ ವಲಸೆ ಕಾರ್ಮಿಕ ಕಾಯ್ದೆ ರಾಜ್ಯದ ಗಡಿ ದಾಟಿದವರನ್ನಷ್ಟೇ ವಲಸೆಗಾರರೆಂದು ಎಣಿಸಿತು. ರಾಯಚೂರಿನಿಂದ ಉಡುಪಿಗೆ ಬಂದವನು ಅದರ ಲೆಕ್ಕಕ್ಕೆ ಸಿಗಲಿಲ್ಲ.

ಭೂಸುಧಾರಣೆಯಿಂದ ಚೋಮನ ಪ್ರಶ್ನೆ ಮುಗಿಯಿತು ಎನ್ನುವವರಿದ್ದಾರೆ. ದೇವರಾಜ ಅರಸರ ಕಾಲದ 1974ರ ತಿದ್ದುಪಡಿ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಈ ಜಿಲ್ಲೆಗಳಲ್ಲಿ ಅದರಿಂದಾದ ಬದಲಾವಣೆ ದೊಡ್ಡದು. ಆದರೆ ಚೋಮ ಗೇಣಿದಾರನಲ್ಲ, ಮೂಲದ ಆಳು. ಅಂಥವನಿಗೆ ಆ ಕಾಯ್ದೆಯಿಂದ ಸಿಗುತ್ತಿದ್ದುದು ಹೆಚ್ಚೆಂದರೆ ಗುಡಿಸಲು ನಿಂತ ಜಾಗ. ಬಿ.ವಿ. ಕಾರಂತರ ಚಿತ್ರ ಬಂದದ್ದು ಅದರ ಮರುವರ್ಷ, 1975ರಲ್ಲಿ. ಸ್ವರ್ಣ ಕಮಲ ಪಡೆದ ಆ ಚಿತ್ರದಲ್ಲಿ ವಾಸುದೇವರಾಯರ ಚೋಮ ದುಡಿ ಬಾರಿಸುವಾಗ, ಹೊಸ ಕಾನೂನಿನ ಹೊರಗೆ ಉಳಿದವನ ಸದ್ದು ಅದು ಎಂದು ಎಷ್ಟು ಮಂದಿಗೆ ಕೇಳಿಸಿತೋ.

ಈಗ ನಮ್ಮ ಕಡೆ ಮಳೆಗಾಲ ಬಂತೆಂದರೆ ‘ಕೆಸರ್‌ಡ್ ಒಂಜಿ ದಿನ’. ಹಗ್ಗ ಜಗ್ಗಾಟ, ಓಟ, ಫೋಟೋ, ಮಧ್ಯಾಹ್ನ ಗಂಜಿ ಚಟ್ನಿ. 2021ರಲ್ಲಿ ಉಡುಪಿ ಸುತ್ತ ಹಡಿಲು ಗದ್ದೆಗಳಲ್ಲಿ ಮತ್ತೆ ಭತ್ತ ಬೆಳೆಯುವ ಆಂದೋಲನವೂ ನಡೆಯಿತು. ಹಡಿಲು ಗದ್ದೆ ಹಸಿರಾದರೆ ಬೇಡ ಎನ್ನುವವರು ಯಾರೂ ಇಲ್ಲ. ಮಕ್ಕಳು ಕೆಸರು ಮುಟ್ಟುವುದೂ ಒಳ್ಳೆಯದೇ. ನಮ್ಮ ತಕರಾರು ವೇದಿಕೆಯ ಭಾಷಣಗಳ ಬಗ್ಗೆ. ಅಲ್ಲಿ ಅಜ್ಜಿಯರ ಓಬೇಲೆ ಹಾಡುಗಳಿಗಾಗಿ ಮರುಗುತ್ತಾರೆ, ಸಂಸ್ಕೃತಿ ಅಳಿಯಿತು ಎನ್ನುತ್ತಾರೆ. ನೇಜಿ ನೆಡುತ್ತಾ ಆ ಹಾಡು ಹೇಳುತ್ತಿದ್ದವರಿಗೆ ಎಷ್ಟು ಸೇರು ಭತ್ತ ಕೂಲಿ ಸಿಗುತ್ತಿತ್ತು, ಅವರು ಅಂಗಳದ ಯಾವ ಮೂಲೆಯಲ್ಲಿ ಕೂತು ಉಣ್ಣುತ್ತಿದ್ದರು ಎಂಬುದು ಭಾಷಣದಲ್ಲಿ ಬರುವುದಿಲ್ಲ. ಉಳಿದ ದಿನಗಳಲ್ಲಿ ಕೆಸರಿನಲ್ಲಿ ನಿಲ್ಲುವವರಿಗೂ ಅಲ್ಲಿ ಜಾಗವಿಲ್ಲ. ಕಾರಂತರು ಕೆಸರಿನ ಬಗ್ಗೆ ಹೀಗೆ ಮರುಗಿದವರಲ್ಲ. ಹೊಳೆಯಲ್ಲಿ ಮುಳುಗುತ್ತಿದ್ದ ಚೋಮನ ಮಗನನ್ನು ಮುಟ್ಟಲು ಹಿಂಜರಿದು ದಡದಲ್ಲಿ ನಿಂತವರನ್ನು ಅವರು ಹೆಚ್ಚು ಮಾತಿಲ್ಲದೆ ತೋರಿಸಿಬಿಟ್ಟರು.

ಇಂಗ್ಲಿಷ್ ಶಾಲೆಗಳ ಬಸ್ಸು ಹಳ್ಳಿಗಳಿಗೂ ಬಂದ ಮೇಲೆ ಕರಾವಳಿಯ ಎಷ್ಟೋ ಸರಕಾರಿ ಕನ್ನಡ ಶಾಲೆಗಳು ಬಾಗಿಲು ಮುಚ್ಚದೆ ಉಳಿದಿರುವುದರಲ್ಲಿ ಘಟ್ಟದಾಚೆಯ ಕೂಲಿಗಳ ಮಕ್ಕಳ ಪಾಲು ಸಣ್ಣದಲ್ಲ. ಆಟದ ಬಯಲಿನಲ್ಲಿ ತುಳು ಕಲಿತು, ಮನೆಯಲ್ಲಿ ಕೊಪ್ಪಳದ ಮಾತು ಆಡುವ ಮಕ್ಕಳು ಇವರು. ‘ನನ್ನ ಊರು’ ಎಂಬ ಪ್ರಬಂಧ ಬರೆಯಲು ಹೇಳಿದರೆ ಇವರು ಯಾವ ಊರಿನ ಬಗ್ಗೆ ಬರೆಯುತ್ತಾರೆ? ಅಲ್ಲಿನ ಶಿಕ್ಷಕರು ಆ ಪ್ರಬಂಧಗಳಲ್ಲಿ ಒಂದೆರಡನ್ನಾದರೂ ಪತ್ರಿಕೆಗಳಿಗೆ ಕಳಿಸಿಕೊಡಲಿ, ತಿದ್ದದೆ.