ಸೀಸೆಯೊಳಗಿನ ಅಮಿಲಾಯ್ಡ್: ಶೇ. 95 ಶುದ್ಧವೆಂದರೆ ಸಾಕೆ?

ಆಲ್ಜೀಮರ್ ಕಾಯಿಲೆ ಕುರಿತ ಸಂಶೋಧನ ಪ್ರಬಂಧವೊಂದು ಕೈಗೆ ಸಿಕ್ಕರೆ, ಫಲಿತಾಂಶಕ್ಕೆ ಹಾರುವ ಮುನ್ನ ಸಾಮಗ್ರಿ ಮತ್ತು ವಿಧಾನಗಳ ಭಾಗವನ್ನು ಓದಿ. ಅಮಿಲಾಯ್ಡ್ ಬೀಟಾ ಪೆಪ್ಟೈಡನ್ನು ಕೊಂಡು ತಂದದ್ದೆಂದು ಒಂದು ಸಾಲು ಇರುತ್ತದೆ. ಎಷ್ಟೋ ವೇಳೆ 'ಶುದ್ಧತೆ ಶೇ. 95' ಎಂದೂ ಇರುತ್ತದೆ. ಅಲ್ಲಿಗೆ ರಸಾಯನವಿಜ್ಞಾನದ ಮಾತು ಮುಗಿಯಿತು. ನನ್ನ ತಕರಾರು ಇರುವುದು ಇಲ್ಲಿಯೇ.

ಈ ಪೆಪ್ಟೈಡಿನ 42 ಅಮೈನೊ ಆಮ್ಲಗಳನ್ನು, ಮೆರಿಫೀಲ್ಡ್ 1963ರಲ್ಲಿ ಪ್ರಕಟಿಸಿದ ವಿಧಾನದಂತೆ, ರಾಳದ ಮಣಿಗಳ ಮೇಲೆ ಒಂದೊಂದಾಗಿ ಪೋಣಿಸುತ್ತಾರೆ. ಒಟ್ಟು 41 ಜೋಡಣೆಗಳು. ಪ್ರತಿಯೊಂದೂ ಶೇ. 99ರಷ್ಟು ಸಫಲವಾದರೂ ಪೂರ್ಣ ಸರಪಳಿ ದೊರೆಯುವುದು ಸುಮಾರು ಶೇ. 66 ಮಾತ್ರ. (0.99ನ್ನು 41 ಬಾರಿ ಗುಣಿಸಿ ನೋಡಿ. ತರಗತಿಗೆ ಒಳ್ಳೆಯ ಲೆಕ್ಕ.) ಉಳಿದವು ಕೊಂಡಿ ತಪ್ಪಿದ ಸರಪಳಿಗಳು. ಪೋಣಿಸುವುದು ಶುರುವಾಗುವ ಸಿ-ತುದಿಯಲ್ಲೇ ನೀರನ್ನೊಲ್ಲದ ಅಮೈನೊ ಆಮ್ಲಗಳು ಸಾಲುಗಟ್ಟಿವೆ. ಹೀಗಾಗಿ ಬೆಳೆಯುತ್ತಿರುವ ಸರಪಳಿಗಳು ರಾಳದ ಮೇಲೆಯೇ ಪರಸ್ಪರ ಅಂಟಿಕೊಂಡು ಮುಂದಿನ ಜೋಡಣೆಗೆ ಅಡ್ಡಿಯಾಗುತ್ತವೆ. ಅಧ್ಯಯನ ಮಾಡಹೊರಟ ಗುಣವೇ ತಯಾರಿಕೆಯ ಶತ್ರು!

ಶುದ್ಧೀಕರಣದಲ್ಲಿ ಕಲ್ಮಶವೆಲ್ಲ ಹೋಗುವುದಿಲ್ಲವೆ ಎಂದು ನೀವು ಕೇಳಬಹುದು. ಒಂದು ಕೊಂಡಿ ಕಡಿಮೆಯಿರುವ ಸರಪಳಿ ಕ್ರೊಮಟೊಗ್ರಫಿಯಲ್ಲಿ ಪೂರ್ಣ ಸರಪಳಿಯ ಜೊತೆಗೇ ಇಳಿದು ಬರಬಹುದು. ಎಡಮುಖಿ ಅಮೈನೊ ಆಮ್ಲವೊಂದು ಬಲಮುಖಿಯಾಗಿ ಮಾರ್ಪಟ್ಟಿದ್ದರಂತೂ ತೂಕ ಒಂದೇ. ದ್ರವ್ಯರಾಶಿ ರೋಹಿತಮಾಪಕಕ್ಕೆ ಅದು ಗೊತ್ತೇ ಆಗದು. 35ನೆಯ ಮೆಥಿಯೊನೀನ್ ಉತ್ಕರ್ಷಣಗೊಂಡರೆ ಎಳೆ ಕಟ್ಟುವುದು ನಿಧಾನವಾಗುತ್ತದೆ.

ಇದೆಲ್ಲ ಬರಿಯ ಕೊಂಕಲ್ಲ. 2010ರಲ್ಲಿ ಜೂರಿಕ್‌ನ ಗ್ಲಾಕ್‌ಷೂಬರ್ ಮತ್ತು ಸಂಗಡಿಗರು ಬ್ಯಾಕ್ಟೀರಿಯದಿಂದ ಪಡೆದ ಪೆಪ್ಟೈಡನ್ನೂ ಸಂಶ್ಲೇಷಿತ ಪೆಪ್ಟೈಡನ್ನೂ ಹೋಲಿಸಿದರು. ಎರಡರ ಅನುಕ್ರಮವೂ ಒಂದೇ. ಆದರೂ ಬ್ಯಾಕ್ಟೀರಿಯದ್ದು ಬೇಗ ಒಟ್ಟುಗೂಡಿತು, ನರಕೋಶಗಳಿಗೆ ಹೆಚ್ಚು ವಿಷಕಾರಿಯೂ ಆಗಿತ್ತು. ಲೇಶಮಾತ್ರ ಕಲ್ಮಶವೂ ಫಲಿತಾಂಶವನ್ನು ತಿರುಗಿಸಬಲ್ಲದು ಎಂಬುದು ಅವರ ತೀರ್ಮಾನ. ಹಾಗಿದ್ದರೆ, ಸೀಸೆಯ ಪೆಪ್ಟೈಡಿನ ಮೇಲೆ ಪರೀಕ್ಷಿಸಿ 'ಗಂಟುಗಟ್ಟುವುದನ್ನು ತಡೆಯುತ್ತದೆ' ಎಂದು ಹೊಗಳಿಸಿಕೊಂಡ ಔಷಧ ತಡೆದದ್ದು ಯಾವುದನ್ನು?

ಸಂಶ್ಲೇಷಣೆಯನ್ನೇ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಬೇಕಾದ ಒಂದೇ ಸ್ಥಾನದಲ್ಲಿ ಐಸೊಟೋಪ್ ಗುರುತು ಹಾಕಲು ಅದಕ್ಕಿಂತ ಸುಲಭದ ಮಾರ್ಗವಿಲ್ಲ. ಜಪಾನಿನ ಕಿಸೊ ತಂಡ 26ನೆಯ ಸೆರೀನ್ ಬಳಿ ತಾತ್ಕಾಲಿಕವಾಗಿ ಎಸ್ಟರ್ ಬಂಧವಿಟ್ಟು ಅಂಟಿನ ಕಾಟವನ್ನು ತಗ್ಗಿಸಿದ್ದು ಜಾಣ ಉಪಾಯ. ದ್ರಾವಣದ ಆಮ್ಲೀಯತೆ ತಗ್ಗಿಸಿದೊಡನೆ ಅದು ಸಹಜ ಬಂಧವಾಗಿ ಮಾರ್ಪಡುತ್ತದೆ. ಆದರೆ 2019ರಲ್ಲಿ, ರೋಗಿಗಳ ಮಿದುಳಿನಿಂದ ತೆಗೆದ ಎಳೆಗಳು ಬಲಕ್ಕೆ ಹೊಸೆದುಕೊಂಡಿರುವುದನ್ನು ಕ್ರಯೊ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿತು. ಪ್ರನಾಳದಲ್ಲಿ ಅದುವರೆಗೆ ಬೆಳೆಸಿದ್ದ ಎಳೆಗಳ ಹೊಸೆತ ಸಾಮಾನ್ಯವಾಗಿ ಎಡಕ್ಕೆ.