ಒದ್ದೆಯಾದ ಕಾರು: ಮಳೆಗಾಲದ ಸಲಹೆಗಳ ಒಂದು ವಿಮರ್ಶೆ

ಮಳೆಗಾಲ ಆರಂಭವಾಗುತ್ತಿದ್ದಂತೆ ಪತ್ರಿಕೆಗಳ ವಾಹನ ಅಂಕಣಗಳಲ್ಲಿ, ಮಾರಾಟ ಮಳಿಗೆಗಳ ಕರಪತ್ರಗಳಲ್ಲಿ, ಮೊಬೈಲಿಗೆ ಬರುವ ಸಂದೇಶಗಳಲ್ಲಿ ಒಂದೇ ಬಗೆಯ ಸಲಹೆಗಳು ಕಾಣಿಸಿಕೊಳ್ಳುತ್ತವೆ. ಕಾರಿನೊಳಗೆ ನೀರು ಬಂದರೆ ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿ. ಒಂದು ಬಟ್ಟಲು ಅಕ್ಕಿ ಅಥವಾ ಉಪ್ಪು ಇಡಿ. ವಾಸನೆ ಬಂದರೆ ಸುಗಂಧದ ಡಬ್ಬಿ ತೂಗುಹಾಕಿ. ಇವನ್ನು ಬರೆದವರ ಉದ್ದೇಶ ಒಳ್ಳೆಯದೇ. ಆದರೆ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಮಳೆಗಾಲದಲ್ಲಿ ಇವು ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತವೆ? ಪಿ.ಯು.ಸಿ. ಮಟ್ಟದ ಭೌತಶಾಸ್ತ್ರವನ್ನಷ್ಟೇ ಬಳಸಿ ಪರಿಶೀಲಿಸೋಣ.

ಈ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಕುಕ್ಕೆ ಸುಬ್ರಹ್ಮಣ್ಯದ ಸ್ನಾನಘಟ್ಟ ಕುಮಾರಧಾರೆಯಲ್ಲಿ ಮುಳುಗುವುದು, ಪುತ್ತೂರು–ಪಾಣಾಜೆ ದಾರಿಯ ಚೆಲ್ಯಡ್ಕದಲ್ಲಿ ಹಳೆಯ ತಗ್ಗು ಸೇತುವೆಯ ಮೇಲೆ ನೀರು ಹರಿಯುತ್ತಿದ್ದುದು ಇಲ್ಲಿಯವರಿಗೆ ಹೊಸ ಸುದ್ದಿಯಲ್ಲ. 2022ರ ಆಗಸ್ಟ್ ಮೊದಲ ವಾರದಲ್ಲಿ ಹರಿಹರ ಪಲ್ಲತ್ತಡ್ಕದ ಪೇಟೆಗೇ ಹೊಳೆ ನುಗ್ಗಿತ್ತು. ಆದರೆ ಕಾರು ಒದ್ದೆಯಾಗಲು ನೆರೆಯೇ ಬರಬೇಕೆಂದಿಲ್ಲ. ಮರದಡಿ ನಿಲ್ಲಿಸಿದ ಕಾರಿನ ಮುಂಗಾಜಿನ ಬುಡದ ನೀರುದಾರಿಯಲ್ಲಿ ಎಲೆ ಕಟ್ಟಿಕೊಂಡರೆ ಸಾಕು. ಬಾಗಿಲ ತಳದ ಸಣ್ಣ ರಂಧ್ರಗಳು ಕೆಸರಿನಿಂದ ಮುಚ್ಚಿದರೆ ಸಾಕು. ನೀರು ಸದ್ದಿಲ್ಲದೆ ಕಾರ್ಪೆಟ್ಟಿನ ಕೆಳಗಿನ ದಪ್ಪ ಫೆಲ್ಟಿಗೆ ಇಳಿಯುತ್ತದೆ. ಕಾರ್ಪೆಟ್ಟಿನ ಮೇಲ್ಭಾಗ ಒಣಗಿದಂತೆ ಕಂಡರೂ ಫೆಲ್ಟ್ ವಾರಗಟ್ಟಲೆ ತೊಯ್ದೇ ಇರಬಹುದು.

ಗಾಳಿ ಎಷ್ಟು ನೀರು ಹೊರಬಲ್ಲದು?

ಒಣಗುವುದೆಂದರೆ ಬಿಸಿಯಾಗುವುದಲ್ಲ, ನೀರು ಆ ಜಾಗವನ್ನು ಬಿಟ್ಟು ಹೋಗುವುದು. ಪರಿಶೀಲನೆಗೆ ಇದೇ ತಳಹದಿ.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಆಟಿ ತಿಂಗಳ ಮಳೆಯ ದಿನ ಸಾಪೇಕ್ಷ ಆರ್ದ್ರತೆ ಶೇಕಡ 90 ಇದ್ದರೆ ಅದರಲ್ಲಿ ಆಗಲೇ 20.7 ಗ್ರಾಂ ತುಂಬಿರುತ್ತದೆ. ಉಳಿದ ಜಾಗ 2.3 ಗ್ರಾಂಗೆ ಮಾತ್ರ. ಇದನ್ನು ಮೇ ತಿಂಗಳ ಕಲಬುರಗಿಯೊಂದಿಗೆ ಹೋಲಿಸಿ. 40 ಡಿಗ್ರಿ ಉಷ್ಣತೆ, ಶೇಕಡ 20 ಆರ್ದ್ರತೆ ಎಂದಿಟ್ಟುಕೊಂಡರೆ ಅಲ್ಲಿನ ಒಂದು ಘನ ಮೀಟರ್ ಗಾಳಿ ಇನ್ನೂ 40 ಗ್ರಾಂನಷ್ಟು ನೀರನ್ನು ಹೀರಬಲ್ಲದು. ಅಂದರೆ ಹದಿನೇಳು ಪಟ್ಟು. ‘ಬಾಗಿಲು ತೆರೆದಿಡಿ, ಗಾಳಿಗೆ ಒಣಗುತ್ತದೆ’ ಎಂಬ ಸಲಹೆ ಕಲಬುರಗಿಯಲ್ಲಿ ಸರಿ. ಪುತ್ತೂರಿನಲ್ಲಿ ಅದೇ ಸಲಹೆ ಬಹುತೇಕ ವ್ಯರ್ಥ.

ಸಾಧಾರಣ ಕಾರಿನ ಒಳಭಾಗದ ಗಾತ್ರ ಸುಮಾರು 3 ಘನ ಮೀಟರ್. ಫೆಲ್ಟಿನಲ್ಲಿ 5 ಲೀಟರ್ ನೀರಿದೆ ಎಂದುಕೊಳ್ಳೋಣ. ಹೊರಗಿನ ಗಾಳಿ ಒಳಬಂದು ಪೂರ್ತಿ ಸಂತೃಪ್ತವಾಗಿ ಹೊರಹೋದರೂ ಒಂದು ಸಲಕ್ಕೆ ಒಯ್ಯುವುದು 7 ಗ್ರಾಂ ಮಾತ್ರ. 5 ಲೀಟರ್ ಹೋಗಬೇಕಾದರೆ ಕಾರಿನ ಗಾಳಿ 700ಕ್ಕೂ ಹೆಚ್ಚು ಬಾರಿ ಬದಲಾಗಬೇಕು.

ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದರೆ?

ಮಳೆ ಬಿಟ್ಟು ಬಿಸಿಲು ಬಂದಾಗ ಮುಚ್ಚಿದ ಕಾರಿನೊಳಗೆ ಉಷ್ಣತೆ 60 ಡಿಗ್ರಿಗೆ ಏರಬಹುದು. ಆಗ ಒಂದು ಘನ ಮೀಟರ್ ಗಾಳಿ 130 ಗ್ರಾಂ ಆವಿಯನ್ನು ಹಿಡಿಯಬಲ್ಲದು. ಇಡೀ ಕಾರಿನ ಗಾಳಿ ಸುಮಾರು 390 ಗ್ರಾಂ. ಫೆಲ್ಟಿನಿಂದ ಆವಿಯೇನೋ ಏಳುತ್ತದೆ. ಆದರೆ ಅದಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಸಂಜೆ ಉಷ್ಣತೆ 25 ಡಿಗ್ರಿಗೆ ಇಳಿದಾಗ ಅದರಲ್ಲಿ 320 ಗ್ರಾಂನಷ್ಟು ಮತ್ತೆ ನೀರಾಗಲೇಬೇಕು. ಎಲ್ಲಿ? ಗಾಜಿನ ಮೇಲೆ, ಚಾವಣಿಯ ಬಟ್ಟೆಯಲ್ಲಿ, ಸೀಟಿನ ಸ್ಪಂಜಿನಲ್ಲಿ, ವಯರುಗಳ ಜೋಡಣೆಗಳಲ್ಲಿ. ಹೀಗೆ, ನೆಲದಲ್ಲಷ್ಟೇ ಇದ್ದ ನೀರನ್ನು ಈ ಸಲಹೆ ಇಡೀ ಕಾರಿಗೆ ಹಂಚುತ್ತದೆ. ಬೆಚ್ಚಗೆ, ತೇವವಾಗಿ, ಗಾಳಿಯಾಡದೆ ಇರುವ ಜಾಗವೇ ಬೂಷ್ಟಿಗೆ ಬೇಕಾದದ್ದು. ಒಂದೆರಡು ದಿನಗಳಲ್ಲೇ ಅದು ತಲೆಯೆತ್ತಬಹುದು.

ನಮ್ಮ ಕೃಷಿಕರಿಗೆ ಈ ಸಂಗತಿ ಹೊಸದೇನಲ್ಲ. ಅಡಿಕೆ ಒಣಗಿಸಲು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಚಪ್ಪರ ಕಟ್ಟುವವರು ಗಾಳಿ ಹೊರಹೋಗಲು ಕಿಂಡಿ ಬಿಡುತ್ತಾರೆ. ಬಿಡದಿದ್ದರೆ ಹಾಳೆಯ ಒಳಮೈಯಿಂದ ನೀರು ತೊಟ್ಟಿಕ್ಕಿ ಅಡಿಕೆಗೆ ಬೂಷ್ಟು ಹಿಡಿಯುತ್ತದೆ. ಸುಳ್ಯದ ಕಡೆ ರಬ್ಬರ್ ಶೀಟು ಒಣಗಿಸುವ ಹೊಗೆಮನೆಗೂ ಮೇಲೊಂದು ಕಿಂಡಿ ಇರುತ್ತದೆ. ಅಂಗಳದಲ್ಲಿ ಗೊತ್ತಿರುವ ಈ ವಿಷಯ ಕಾರಿನ ಸಲಹೆಗಳಲ್ಲಿ ಮಾತ್ರ ಕಾಣೆಯಾಗಿದೆ. ಬಿಸಿಲು ಬಂದರೆ ಕಾರನ್ನು ಅದರಲ್ಲಿ ನಿಲ್ಲಿಸಿ. ಆದರೆ ಗಾಜುಗಳನ್ನು ಇಳಿಸಿ, ಸಂಜೆಯಾಗುವ ಮೊದಲು ಏರಿಸಿ.

ಅಕ್ಕಿ, ಉಪ್ಪು, ಸಿಲಿಕಾ ಜೆಲ್

ಅಂಗಡಿಯ ಅಕ್ಕಿಯಲ್ಲಿ ಆಗಲೇ ಶೇಕಡ 12ರಿಂದ 14ರಷ್ಟು ತೇವವಿರುತ್ತದೆ. ತೀರ ಆರ್ದ್ರ ಗಾಳಿಯಲ್ಲಿ ಒಂದು ಕಿಲೋ ಅಕ್ಕಿ ಇನ್ನೂ 50–60 ಗ್ರಾಂ ನೀರನ್ನು, ಅದೂ ನಿಧಾನವಾಗಿ, ಹೀರಬಹುದು. 5 ಲೀಟರಿಗೆ ಒಂದು ಕ್ವಿಂಟಾಲಿನಷ್ಟು ಅಕ್ಕಿ ಬೇಕಾದೀತು; ಕೊನೆಗೆ ಆ ಅಕ್ಕಿಗೂ ಬೂಷ್ಟು ಬಂದೀತು. ಉಪ್ಪು ನೀರೂರಿ ಚೆಲ್ಲಿದರೆ ಉಕ್ಕಿನ ನೆಲಕ್ಕೆ ತುಕ್ಕನ್ನು ನಾವೇ ಕರೆದಂತೆ. ಸಿಲಿಕಾ ಜೆಲ್ ಇವೆರಡಕ್ಕಿಂತ ಮೇಲು. ಅದು ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ನೀರನ್ನು ಹಿಡಿಯುತ್ತದೆ. ಆದರೆ ಆ ಲೆಕ್ಕದಲ್ಲೂ 15 ಕಿಲೋ, ಅಂದರೆ 5 ಗ್ರಾಂನ 3,000 ಪೊಟ್ಟಣಗಳು ಬೇಕು. ಒಣಗಿದ ಕಾರನ್ನು ಒಣಗಿದಂತೆಯೇ ಇಡಲು ಇವು ಉಪಯುಕ್ತ. ತೊಯ್ದ ಕಾರನ್ನು ಒಣಗಿಸಲು ಅಲ್ಲ. ಇನ್ನು ಸುಗಂಧದ ಡಬ್ಬಿ: ವಾಸನೆ ನಮಗೆ ಸಿಗುವ ಎಚ್ಚರಿಕೆ. ಅದನ್ನು ಮುಚ್ಚಿದರೆ ಎಚ್ಚರಿಕೆ ಹೋಗುತ್ತದೆ, ಬೂಷ್ಟು ಹೋಗುವುದಿಲ್ಲ.

ಮೊದಲು ನೀರು, ಆಮೇಲೆ ಆವಿ

ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಗುಪ್ತೋಷ್ಣ ಬೇಕು. 5 ಲೀಟರಿಗೆ 120 ಲಕ್ಷ ಜೂಲ್, ಅಂದರೆ 3.3 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ. ಅದೇ ನೀರನ್ನು ದ್ರವವಾಗಿಯೇ ಒಂದು ಮೀಟರ್ ಎತ್ತಿ ಹೊರಹಾಕಲು 50 ಜೂಲ್ ಸಾಕು. ನೀರು ಹೀರುವ ವ್ಯಾಕ್ಯೂಮ್ ಯಂತ್ರ 1,200 ವಾಟಿನದಾದರೂ ಹತ್ತು ನಿಮಿಷಕ್ಕೆ ಖರ್ಚು ಮಾಡುವುದು 0.2 ಯೂನಿಟ್. ಆದ್ದರಿಂದ ಮೊದಲ ಕೆಲಸ ಬಿಸಿ ಮಾಡುವುದಲ್ಲ, ಹಿಂಡುವುದು. ಮ್ಯಾಟುಗಳನ್ನು ತೆಗೆದು, ಸಾಧ್ಯವಾದರೆ ಸೀಟು ಬಿಚ್ಚಿಸಿ, ಕಾರ್ಪೆಟ್ ಎತ್ತಿ ಫೆಲ್ಟಿನ ನೀರನ್ನು ಹೀರಬೇಕು. ಯಂತ್ರವಿಲ್ಲದಿದ್ದರೆ ಹಳೆಯ ಟವೆಲ್ ಅಥವಾ ಕಾಗದ ಹಾಸಿ ಕಾಲಿನಿಂದ ಒತ್ತಿ, ತೊಯ್ದಂತೆ ಬದಲಿಸಬೇಕು. ಪತ್ರಿಕೆ ಹಾಸುವ ಹಳೆಯ ಸಲಹೆ ಈ ಕಾರಣಕ್ಕೆ ಸರಿಯಾದದ್ದು: ಲೋಮನಾಳ ಕ್ರಿಯೆಯಿಂದ ಅದು ನೀರನ್ನು ದ್ರವರೂಪದಲ್ಲೇ ಸೆಳೆಯುತ್ತದೆ. 5ರಲ್ಲಿ 4 ಲೀಟರ್ ಹೀಗೆ ಬಂದರೆ ಆವಿಯಾಗಿ ಹೋಗಬೇಕಾದದ್ದು ಒಂದೇ ಲೀಟರ್.

ಆ ಒಂದು ಲೀಟರಿಗೆ ಕಾರಿನಲ್ಲೇ ಒಂದು ಯಂತ್ರವಿದೆ: ಏ.ಸಿ. ಅದರ ತಣ್ಣನೆಯ ಸುರುಳಿ 8 ಡಿಗ್ರಿಯಲ್ಲಿದ್ದರೆ, ಅದನ್ನು ದಾಟಿದ ಒಂದು ಘನ ಮೀಟರ್ ಗಾಳಿಯಲ್ಲಿ ಉಳಿಯುವುದು 8 ಗ್ರಾಂನಷ್ಟು ಆವಿ. ಮಿಕ್ಕದ್ದು ನೀರಾಗಿ ಕೊಳವೆಯ ಮೂಲಕ ಕಾರಿನಡಿಗೆ ಸುರಿಯುತ್ತದೆ. ಗಾಜು ಏರಿಸಿ, ಒಳಗಿನ ಗಾಳಿಯೇ ಸುತ್ತುವಂತೆ ಗುಂಡಿ ಒತ್ತಿ ಏ.ಸಿ. ನಡೆಸಿ. ‘ಹೊರಗಿನ ತಾಜಾ ಗಾಳಿ ಬರಲಿ’ ಎಂದರೆ ಪ್ರತಿ ಘನ ಮೀಟರಿಗೆ 20 ಗ್ರಾಂ ನೀರನ್ನು ಆಮಂತ್ರಿಸಿದಂತೆ. ಕಾರಿನಡಿ ಒಂದು ಪಾತ್ರೆಯಿಟ್ಟು ಅರ್ಧ ಗಂಟೆಗೆ ಎಷ್ಟು ನೀರು ಬಿತ್ತೆಂದು ಅಳೆಯಿರಿ. ದಿನದಿಂದ ದಿನಕ್ಕೆ ಅದು ಕಡಿಮೆಯಾಗಿ ಒಂದು ಮಟ್ಟದಲ್ಲಿ ನಿಂತರೆ ಕಾರು ಒಣಗುತ್ತಿದೆ ಎಂದರ್ಥ. ಏನೂ ಬೀಳದಿದ್ದರೆ ಆ ಕೊಳವೆಯೇ ಕಟ್ಟಿರಬಹುದು. ಮುಂದಿನ ಎಡ ಸೀಟಿನ ಕಾಲಬಳಿ ನೀರು ನಿಲ್ಲಲು ಅದೂ ಒಂದು ಕಾರಣ. ಎಂಜಿನ್ ಚಾಲೂ ಇರುವಷ್ಟು ಹೊತ್ತು ಕಾರು ಬಯಲಿನಲ್ಲಿರಬೇಕು. ಮುಚ್ಚಿದ ಶೆಡ್ಡಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಪ್ರಾಣಾಪಾಯ ತರುತ್ತದೆ.

ಸಲಹೆಗಳು ಹೇಳದೆ ಬಿಟ್ಟದ್ದು

ಈ ಸಲಹೆಗಳ ದೊಡ್ಡ ದೋಷ ಇನ್ನೊಂದಿದೆ. ಸೋರಿದ ಮಳೆನೀರು, ನುಗ್ಗಿದ ನೆರೆನೀರು ಎರಡನ್ನೂ ಅವು ಒಂದೇ ಎಂದು ಭಾವಿಸುತ್ತವೆ. ಮೇಲಿನ ಏ.ಸಿ. ವಿಧಾನ ಸೋರಿಕೆಗೆ ಮಾತ್ರ. ಕಾರಿನ ನೆಲದಿಂದ ಮೇಲಕ್ಕೆ ನೆರೆನೀರು ನಿಂತಿದ್ದರೆ ಕೀಲಿ ತಿರುಗಿಸಲೇಬಾರದು. ಆ ನೀರಿನಲ್ಲಿ ಲವಣ, ಕೆಸರು, ಚರಂಡಿಯ ಕೊಳೆ ಎಲ್ಲವೂ ಇವೆ. ಅದು ವಿದ್ಯುತ್ ವಾಹಕ. 12 ವೋಲ್ಟ್ ಇರುವ ಜೋಡಣೆಗಳಲ್ಲಿ ವಿದ್ಯುದ್ವಿಭಜನೆ ನಡೆದು ಲೋಹ ಸವೆಯುತ್ತದೆ. ಬ್ಯಾಟರಿಯ ಋಣ ತುದಿಯನ್ನು ಕಳಚಿ, ಕಾರನ್ನು ಎಳೆಸಿಕೊಂಡು ಹೋಗುವುದೇ ಕ್ಷೇಮ. ವಿದ್ಯುತ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲುಗಳನ್ನು ಮುಟ್ಟದೆ ತರಬೇತಿ ಪಡೆದವರನ್ನೇ ಕರೆಯಬೇಕು.

ಅನೇಕ ಕಾರುಗಳಲ್ಲಿ ಏರ್‌ಬ್ಯಾಗಿನ ನಿಯಂತ್ರಕ ಮುಂದಿನ ಎರಡು ಸೀಟುಗಳ ನಡುವೆ, ನೆಲಕ್ಕೆ ತಾಗಿದಂತೆ ಇರುತ್ತದೆ. ಸೀಟಿನಡಿಯಲ್ಲೂ ವಯರುಗಳ ಜೋಡಣೆಗಳಿವೆ. ಅವುಗಳಿಗೆ ತುಕ್ಕು ಹಿಡಿದರೆ ಅಪಘಾತದ ಕ್ಷಣದಲ್ಲಿ ಏರ್‌ಬ್ಯಾಗ್ ತೆರೆಯದೇ ಹೋಗಬಹುದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ನೆಲಮಾಳಿಗೆಗಳಲ್ಲಿ ಅನೇಕ ಕಾರುಗಳು ಮುಳುಗಿದ್ದವು. ಹೀಗೆ ಮುಳುಗಿದ ಕಾರು ತೊಳೆದು ಹೊಳಪೇರಿಸಿಕೊಂಡು ಬೇರೆ ಊರಿನಲ್ಲಿ ಮಾರಾಟಕ್ಕೆ ನಿಂತರೆ, ಸಾಲ ಮಾಡಿ ಬಾಡಿಗೆಗೆಂದು ಹಳೆಯ ಕಾರು ಕೊಳ್ಳುವ ಚಾಲಕನಿಗೆ ಅದು ತಿಳಿಯುವುದು ಹೇಗೆ? ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಬೇಕು. ಸ್ಟೆಪ್ನಿ ಇಡುವ ಗುಂಡಿ, ಸೀಟಿನ ಹಳಿಯ ಬೋಲ್ಟು, ಕಾರ್ಪೆಟ್ಟಿನ ಅಡಿಭಾಗ ಇವುಗಳಲ್ಲೂ ಗುರುತು ಉಳಿದಿರುತ್ತದೆ.

ಬೂಷ್ಟು ಹಿಡಿದ ಕಾರಿನಲ್ಲಿ ಪ್ರತಿದಿನ ಶಾಲೆಗೆ ಹೋಗುವ ಮಗುವಿಗೆ ಉಬ್ಬಸವಿದ್ದರೆ ತೊಂದರೆ ಇನ್ನಷ್ಟು ಬಿಗಡಾಯಿಸಬಹುದು. ಬೂಷ್ಟು ಬೇರೂರಿದ ಫೆಲ್ಟನ್ನು ಒಣಗಿಸಿ ಉಳಿಸಿಕೊಳ್ಳುವುದಕ್ಕಿಂತ ಎಸೆದು ಹೊಸದನ್ನು ಹಾಕುವುದೇ ಲೇಸು.

ಒಣ ಮತ್ತು ತೇವ ಬಲ್ಬಿನ ಆರ್ದ್ರತಾಮಾಪಕವನ್ನು ನಮ್ಮ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ನೋಡಿ, ಲೆಕ್ಕ ಬರೆದು, ಅಂಕ ಪಡೆದು ಮರೆಯುತ್ತಾರೆ. ಅದೇ ಉಪಕರಣವನ್ನು ಒಂದು ರಾತ್ರಿ ಮುಚ್ಚಿದ ಕಾರಿನಲ್ಲಿಟ್ಟರೆ ಫೆಲ್ಟ್ ಒಣಗಿದೆಯೇ ಇಲ್ಲವೇ ಎಂದು ಅದು ಹೇಳುತ್ತದೆ. ಎರಡು ಬಲ್ಬುಗಳೂ ಬಹುತೇಕ ಒಂದೇ ಉಷ್ಣತೆ ತೋರಿಸಿದರೆ ಒಳಗೆಲ್ಲೋ ನೀರು ಉಳಿದಿರಬಹುದು. ಕರಾವಳಿಗೆಂದು ಸಲಹೆ ಬರೆಯುವವರು ಬರೆಯುವ ಮೊದಲು ಈ ಪರೀಕ್ಷೆಯನ್ನು ಇಲ್ಲೇ, ಜುಲೈ ತಿಂಗಳಲ್ಲಿ ಮಾಡಿ ನೋಡಲಿ.