ದಂಡ ಕಟ್ಟುವವರು ಯಾರು?

2015ರ ‘ಕನ್‌ಕಷನ್’ ಚಿತ್ರದಲ್ಲಿ ವಿಲ್ ಸ್ಮಿತ್, ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ಆಗಿ ನಟಿಸಿದ್ದಾರೆ. 2002ರಲ್ಲಿ ತೀರಿಕೊಂಡ ಅಮೆರಿಕನ್ ಫುಟ್‌ಬಾಲ್ ಆಟಗಾರ ಮೈಕ್ ವೆಬ್‌ಸ್ಟರ್ ಅವರ ಮಿದುಳಿನಲ್ಲಿ, ಮತ್ತೆ ಮತ್ತೆ ಬಿದ್ದ ಪೆಟ್ಟುಗಳು ಉಳಿಸಿದ್ದ ಹಾನಿಯನ್ನು ಗುರುತಿಸಿದವರು ಒಮಾಲು.

ಸ್ಮಿತ್ ಅವರ ಅಭಿನಯ ನನಗೆ ಹಿಡಿಸಿತು. ಚಿತ್ರದ ಚೌಕಟ್ಟು ಮಾತ್ರ ಕಿರಿದೆನಿಸಿತು. ಒಬ್ಬ ಸತ್ಯವಂತ ಮತ್ತು ಒಂದು ಬಲಾಢ್ಯ ಸಂಸ್ಥೆಯ ನಡುವಿನ ಈ ಜಗಳದಲ್ಲಿ ಆಟಗಾರ ಬರೀ ಬಲಿಪಶು. ಆದರೆ ಎನ್‌ಎಫ್‌ಎಲ್‌ನ ನಿಯಮಪುಸ್ತಕದ ಕಣ್ಣಿಗೆ ಅವನೇ ಅಪರಾಧಿ ಕೂಡ.

2010ರ ಅಕ್ಟೋಬರಿನಲ್ಲಿ, ವೆಬ್‌ಸ್ಟರ್ ಆಡಿದ್ದ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಜೇಮ್ಸ್ ಹ್ಯಾರಿಸನ್‌ಗೆ ಒಂದೇ ಡಿಕ್ಕಿಗಾಗಿ 75,000 ಡಾಲರ್ ದಂಡ ಬಿತ್ತು. ಅದೇ ಡಿಕ್ಕಿಯ ಫೋಟೊ ಲೀಗ್‌ನ ಜಾಲತಾಣದಲ್ಲಿ ಮಾರಾಟಕ್ಕಿತ್ತು! ಟೀಕೆ ಬಂದ ಮೇಲೆ ಅದನ್ನು ತೆಗೆದರು.

ದಂಡವೇ ತಪ್ಪೆಂದು ನಾನು ಹೇಳುತ್ತಿಲ್ಲ. ಡಿಕ್ಕಿ ತಿಂದವನಿಗೂ ತಲೆಯಿದೆ, ಅವನಿಗೂ ಮನೆಮಂದಿ ಇದ್ದಾರೆ. ಆದರೆ ಹೊಡೆದವನು ದಂಡ ಕಟ್ಟುತ್ತಾನೆ, ಹೊಡೆತವನ್ನು ಮಾರಿದವರು ಕಟ್ಟುವುದಿಲ್ಲ. 2021ರಿಂದ ಪ್ರತಿ ತಂಡಕ್ಕೆ 16ರ ಬದಲು 17 ಲೀಗ್ ಪಂದ್ಯಗಳು. ಒಂದು ಪಂದ್ಯ ಹೆಚ್ಚಾದರೆ ಪೆಟ್ಟುಗಳೂ ಹೆಚ್ಚುತ್ತವೆ. ಅದಕ್ಕೆ ಯಾರಿಗೂ ದಂಡವಿಲ್ಲ.

ಒಮಾಲು ಕಥೆ ಹೇಳಿದ್ದಾಯಿತು. ಈ ಲೆಕ್ಕ ಕೇಳುವ ಚಿತ್ರ ಇನ್ನೂ ಬರಬೇಕಿದೆ.